ಬಾಯಿ ಮ್ಯಾಲಿನ ಕೈ ತೆಗಿಯೋದು ಹೆಂಗ್ರಿ? ಹಲ್ಲಿನ ಕಲೆ, ಮೈ ಮ್ಯಾಲಿನ ಕಲೆ ಮುಚ್ಚಿಟ್ಕೊಂಡು ಬದುಕಿದೋರು ಮಾತಾಡ್ರಿ

ಯಲಬುರ್ಗಾ ಟೀಚರ್

ಎಲ್ಲಾರಿಗೂ ನಮಸ್ಕಾರ್ರಿ. ನಾನು ಯಲಬುರ್ಗಾ ತಾಲೂಕಿನ ಒಂದ್ ಹಳ್ಳಿ ಸಾಲ್ಯಾಗ ಟೀಚರ್ ಅದೀನಿ, ವಯಸ್ಸು 41. ಇದನ್ನ ಬರಿಯೋದೋ ಬ್ಯಾಡೋ ಅಂತ ಹದಿನೈದು ದಿನದಿಂದ ಫೋನ್ ಹಿಡಿಯೋದು ಇಡೋದು ಮಾಡಾಕತ್ತಿದ್ದೆ, ಇವತ್ತು ಬರದೇ ಬಿಡ್ತೀನಿ.

ಹೋದ ತಿಂಗಳು ನಮ್ಮ ಏಳನೇ ಕ್ಲಾಸಿನ ಹುಡುಗ್ರದು ಗ್ರೂಪ್ ಫೋಟೋ ಇತ್ತು. ಕುಕನೂರಿಂದ ಫೋಟೋ ತೆಗಿಯೋ ಹುಡುಗ ಬಂದಿದ್ದ. ಬೆಂಚ್ ಹಾಕಿ ಹುಡುಗೀರ್ನ ಮುಂದ ಕುಂದರ್ಸಿ ಹುಡುಗ್ರನ್ನ ಹಿಂದ ನಿಂದರ್ಸಿ ನಡುವ ನನ್ನ ಕುರ್ಚಿ ಹಾಕಿದ್ರು. ಅವ ಕ್ಯಾಮೆರಾ ಎತ್ತಿ "ಎಲ್ಲಾರೂ ಹಲ್ಲ ಕಾಣಂಗ ನಗ್ರೆಪಾ" ಅಂದ. ಅಂದಿದ್ದ ತಡ, ಮುಂದಿನ ಸಾಲಿನ ಹುಡುಗೀರ ಬಲಗೈ ಎಲ್ಲಾ ಒಂದ ಸಲಕ್ಕ ಬಾಯಿ ಮ್ಯಾಲ ಹೋದ್ವು, ಪ್ರಾರ್ಥನಾಕ್ಕ ಕೈ ಮುಗದಂಗ. ನಾನು "ಕೈ ತೆಗೀರೆ" ಅಂತ ಒದರಿದೆ. ಆಗ ತುದೀಗೆ ಕುಂತಿದ್ದ ಹುಡುಗಿ ನನ್ ಕಡಿ ಹೊಳ್ಳಿ ನೋಡಿ "ಮಿಸ್, ನೀವೂ ತೆಗೀರಿ" ಅಂದ್ಳು. ಎದುರು ಮಾತಾಡಿದಂಗ ಅಲ್ರಿ, ಸುಮ್ನ ಇದ್ದದ್ದನ್ನ ಹೇಳಿದ್ಳು. ಸೆರಗು ಹಿಡಿದ ನನ್ನ ಕೈ ಬಾಯಿ ಮ್ಯಾಲ ಇತ್ತು. ಯಾವಾಗ ಅಲ್ಲಿ ಹೋಗಿತ್ತೋ ನನಗ ಖಬರಿಲ್ಲ.

ನಮ್ ಕಡಿಯವರಿಗೆ ಬಿಡಿಸಿ ಹೇಳೋದು ಬ್ಯಾಡ, ಆದ್ರೂ ಬ್ಯಾರೆ ಊರವ್ರು ಓದಿದ್ರ ತಿಳೀಲಿ ಅಂತ ಬರೀತೀನಿ. ನಮ್ದು ಬೋರ್ ನೀರಿನ ಹಲ್ಲು. ಮ್ಯಾಲಿನ ನಾಕು ಹಲ್ಲಿಗೆ ಅಡ್ಡಡ್ಡ ಕಂದು ಗೆರಿ, ನಡು ನಡು ಸುಣ್ಣ ಬಳದಂಗ ಬಿಳಿ ಮಚ್ಚಿ, ಎರಡು ಹಲ್ಲಿನ ಅಂಚು ಉದುರಿ ಸಣ್ಣ ಸಣ್ಣ ಗುಳಿ ಬಿದ್ದಾವು. ನಮ್ಮೂರಾಗ ಇದು ಎಲ್ಲಾರಿಗೂ ಇತ್ತು, ಹಂಗಾಗಿ ಹತ್ತನೇ ಕ್ಲಾಸ್ ತನಕ ನನಗ ಇದು ಒಂದು ವಿಷಯ ಅಂತ ಅನಿಸಿರಲೇ ಇಲ್ಲ. ಟಿಸಿಎಚ್ ಅಂತ ಟೀಚರ್ ಟ್ರೇನಿಂಗ್ ಓದಾಕ ದೊಡ್ಡ ಊರಿಗೆ ಹೋದಾಗ ಹಾಸ್ಟೆಲ್ಲಿನ ಮೊದಲನೇ ರಾತ್ರಿ ಒಬ್ಬಾಕಿ "ನೀ ಗುಟ್ಕಾ ತಿಂತೀಯೇನು" ಅಂತ ಕೇಳಿದ್ಳು, ಎಲ್ಲಾರೂ ನಕ್ರು, ನಾನೂ ನಕ್ಕೆ, ಆದ್ರ ಅವತ್ತ ಮೊದಲನೇ ಸಲ ಕೈ ಅಡ್ಡ ಇಟ್ಕೊಂಡು ನಕ್ಕೆ.

ಆಮ್ಯಾಲ ಏನೇನ್ ಮಾಡಿಲ್ಲ ಹೇಳ್ರಿ. ಉಪ್ಪು ಹಚ್ಚಿ ತಿಕ್ಕಿದೆ, ಬೂದಿ ಹಚ್ಚಿ ತಿಕ್ಕಿದೆ, ಇಟ್ಟಂಗಿ ಪುಡಿ ಹಚ್ಚಿ ರಕ್ತ ಬರೋ ತನಕ ತಿಕ್ಕಿದೆ. ಸಂತ್ಯಾಗ ಒಬ್ಬ ಹತ್ತಿ ಸುತ್ತಿದ ಕಡ್ಡಿಲೆ ಎಂತದೋ ನೀರು ಹಚ್ಚಿದ, ಒಸಡು ಸುಟ್ಟು ನಾಕು ದಿನ ಬರೀ ಅಂಬಲಿ ಕುಡದೆ. ವರ ನೋಡಾಕ ಬಂದಾಗೆಲ್ಲಾ ನಮ್ಮ ದೊಡ್ಡವ್ವ ಬಾಗಲ ಸಂದ್ಯಾಗ ನಿಂತು "ಬಾಯಿ ಮುಚ್ಕೊಂಡು ಕುಂದ್ರು, ಕೇಳಿದ್ದಕ್ಕ ತಲಿ ಅಲ್ಲಾಡ್ಸು" ಅನ್ನಾಕಿ. ನನ್ನ ಮದುವಿ ಆಲ್ಬಮ್ ತೆಗದು ನೋಡ್ರಿ, ಅಕ್ಕಿಕಾಳು ಬೀಳೋವಾಗೂ ತುಟಿ ಬಿಗಿ ಹಿಡಿದೀನಿ. ನೋಡಿದವ್ರು "ಹುಡುಗೀಗೆ ಮನಸ್ಸಿರಲಿಲ್ಲೇನು" ಅಂತಾರ. ನನಗ ಆ ಮದುವಿ ಭಾಳ ಮನಸ್ಸಿತ್ರಿ.

ನಾನು ಇಲ್ಲಿ ಹಲ್ಲಿನ ಡಾಕ್ಟರ್ ವಿಳಾಸ ಕೇಳಾಕ ಬಂದಿಲ್ಲ. ನನ್ನ ಕೈ ನೋಡಿ ಮೂವತ್ತೊಂದು ಮಕ್ಕಳು ಕಲಿತಾವು ಅಂತ ಗೊತ್ತಾದ ಮ್ಯಾಲ ಈ ಕೈ ಕೆಳಗ ಇಳಿಸೋದು ಹೆಂಗ ಅಂತ ಕೇಳಾಕ ಬಂದೀನಿ. ಹಲ್ಲೇ ಆಗಬೇಕಂತಿಲ್ಲ. ಬಣ್ಣ, ಬೊಜ್ಜು, ತೊನ್ನು, ಕೂದಲು, ಏನರ ಇರಲಿ. ಯಾರರ ದೊಡ್ಡವ್ರಾದ ಮ್ಯಾಲ ಕಲ್ತಿದ್ರ ಹೇಳ್ರಿ.

ಗಂಗಾವತಿ ಹುಡುಗ

ಮೇಡಂ ಇಷ್ಟ್ಯಾಕ ಚಿಂತಿ ಮಾಡ್ತೀರಿ, ಈಗ ಎಲ್ಲಾ ಬಂದೈತಿ. ಕಲೆ ತೆಳ್ಳಗಿದ್ರ ಬ್ಲೀಚ್ ಮಾಡ್ತಾರ, ಇಲ್ಲಾಂದ್ರ ಮ್ಯಾಲಿನ ಪದರ ಸ್ವಲ್ಪ ತಿಕ್ಕಿ ತೆಗೀತಾರ, ಜಾಸ್ತಿ ಇದ್ರ ವೆನಿಯರ್ ಅಂತ ಹಲ್ಲಿನ ಮುಂದ ತೆಳ್ಳನ ಪದರ ಅಂಟಿಸ್ತಾರ, ಇಲ್ಲಾ ಕ್ಯಾಪ್ ಹಾಕ್ತಾರ. ನಾ ಮುಂದಿನ ಆರು ಹಲ್ಲಿಗೆ ಹಾಕ್ಸೀನಿ. ಮಾಡಿಸ್ಕೊಂಡು ಆರಾಮ ನಗ್ರಿ, ಮನಸ್ಸು ಬದಲಾಯಿಸ್ಕೊಳ್ಳೋದಕಿಂತ ಹಲ್ಲು ಬದಲಾಯಿಸೋದು ಸಸಾರ.

ಯಲಬುರ್ಗಾ ಟೀಚರ್

ತಮ್ಮಾ, ಹಾಕ್ಸಿದ್ದು ಚಲೋನ ಆತು, ಅದು ತಪ್ಪು ಅಂತ ನಾ ಅನ್ನಂಗಿಲ್ಲ. ಆದ್ರ ನನ್ನ ಕ್ಲಾಸಿನ ಮೂವತ್ತೊಂದು ಮಕ್ಕಳಿಗೆ ಯಾರ್ ಹಾಕಿಸ್ತಾರ? ಕ್ಯಾಪ್ ಹಾಕಬೇಕಂದ್ರ ಇದ್ದ ಹಲ್ಲು ಸುತ್ತ ಅರದು ಸಣ್ಣದು ಮಾಡ್ತಾರ, ಅದು ಮತ್ತ ಬೆಳಿಯಂಗಿಲ್ಲ. ಬೆಳಿಯೋ ಮಕ್ಕಳಿಗೆ ಅದನ್ನ ಹೇಳಾಕ ನನಗ ಬಾಯಿ ಬರಂಗಿಲ್ಲ.

ದೇವದುರ್ಗ ಕಂಡಕ್ಟರ್

ಅಕ್ಕಾರ ನಮಸ್ಕಾರ. ನಾ ಬಸ್ ಕಂಡಕ್ಟರ್ ಅದೀನಿ, ರಾಯಚೂರು ದೇವದುರ್ಗ ರೂಟ್. ನಂದು ಕೈಯಿಂದೇ ಶುರು ಆಗ್ಯಾದ ಕಥಿ, ಅದಕ್ಕೇ ಬರಿಲತ್ತೀನಿ.

29ನೇ ವಯಸ್ಸಿಗೆ ಬಲಗೈ ಬೆರಳಿನ ತುದಿ ಬೆಳ್ಳಗಾದ್ವು. ಆಮ್ಯಾಲ ಎರಡೂ ಕೈ, ತುಟಿ, ಕಣ್ಣಿನ ಸುತ್ತ. ತೊನ್ನು. ಡಾಕ್ಟರ್ ಹೇಳಿದ್ರು ನಮ್ಮ ಮೈಯಾಗ ಬಣ್ಣ ತಯಾರ ಮಾಡೋ ಕಣ ಇರ್ತಾವ, ರೋಗದ ಜೊತಿ ಹೊಡೆದಾಡಬೇಕಾದ ನಮ್ಮ ಮೈಯ ಶಕ್ತಿನೇ ದಾರಿ ತಪ್ಪಿ ಆ ಕಣಗಳನ್ನ ಹೊಡೀತದ ಅಂತ. ಮುಟ್ಟಿದ್ರ ಬರಲ್ಲ, ಎಂಜಲಾ ತಿಂದ್ರ ಬರಲ್ಲ, ಕುಷ್ಠಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ. ಮೀನು ತಿಂದು ಹಾಲು ಕುಡದಿದ್ದಕ್ಕ ಬಂತು ಅಂತ ನಮ್ಮ ಮನ್ಯಾಗೇ ಅವ್ವಗ ಎಷ್ಟು ಬೈದಾರ, ಅದೂ ಸುಳ್ಳು. ಔಷಧ ಅದ, ಲೈಟ್ ಹಿಡಿಯೋ ಟ್ರೀಟ್‌ಮೆಂಟ್ ಅದ, ನನ್ನ ಮುಖದ ಮ್ಯಾಲ ಸ್ವಲ್ಪ ಬಣ್ಣ ಬಂತು, ಬೆರಳ ತುದಿಗೆ ಬರಲಿಲ್ಲ. ಬೆರಳಿಗೆ ತುಟಿಗೆ ಬರೋದು ಕಷ್ಟ ಅಂತ ಮೊದಲೇ ಹೇಳಿದ್ರು.

ಈಗ ಅಕ್ಕಾರ, ಕಂಡಕ್ಟರ್ ಕೆಲಸ ಅಂದ್ರ ಕೈಯಿಂದ ಕೈಗೆ. ಟಿಕೆಟ್ ಹರದು ಕೊಡಬೇಕು, ಚಿಲ್ಲರ ಕೊಡಬೇಕು. ಮಂದಿ ನನ್ನ ಬೆರಳ ನೋಡಿ ರೊಕ್ಕ ಸೀಟಿನ ಮ್ಯಾಲ ಇಡ್ತಿದ್ರು. ಚಿಲ್ಲರ ಕೊಟ್ರ "ಇರಲಿ ಬಿಡ್ರಿ" ಅಂತಿದ್ರು. ಎರಡು ರೂಪಾಯಿ ಬಿಡ್ತಾರ, ಬಡವರು, ಆದ್ರ ನನ್ನ ಕೈಯಿಂದ ತಗೊಳ್ಳಲ್ಲ. ಮೇ ತಿಂಗಳು ರಾಯಚೂರು ಬಿಸಿಲು ನಿಮಗ ಗೊತ್ತದ, 42 ಡಿಗ್ರಿ, ಅದರಾಗ ನಾ ತುಂಬು ತೋಳಿನ ಅಂಗಿ, ಕೈಗೆ ಗ್ಲೌಸ್ ಹಾಕ್ಕೊಂಡು ಮೂರು ಬ್ಯಾಸಗಿ ಕಳದೀನಿ.

ಒಂದಿನ ಗಬ್ಬೂರಿನಾಗ ಒಬ್ಬ ಮುದುಕಿ ಹತ್ತಿದ್ಳು, ತಲಿ ಮ್ಯಾಲ ಹತ್ತಿ ಕಟಗಿ ಹೊರಿ. ಗ್ಲೌಸ್ ನೋಡಿ "ಏನಾಗ್ಯಾದಪಾ ಕೈಗೆ" ಅಂದ್ಳು. ಅಷ್ಟು ದಿನ ಯಾರೂ ನನ್ನ ಕೇಳಿರಲಿಲ್ಲ, ನೋಡ್ತಿದ್ರು ಅಷ್ಟೇ. ತೊನ್ನು ಆಯಿ ಅಂದೆ. "ಅಂಟ್ತದ?" "ಇಲ್ಲ ಆಯಿ." "ಮತ್ತ ಚಿಲ್ಲರ ಕೊಡು" ಅಂತ ಕೈ ಮುಂದ ಮಾಡಿದ್ಳು. ಗ್ಲೌಸ್ ತೆಗದು ಕೊಟ್ಟೆ. ಆಕಿ ಎಣಿಸಿ ಸೀರಿ ಗಂಟಿನಾಗ ಕಟ್ಟಿಕೊಂಡು ಕಿಟಕಿ ಕಡಿ ನೋಡ್ಕೋತ ಕುಂತ್ಳು, ಮಾತು ಮುಗೀತು.

ಅವತ್ತಿಂದ ನಾನು ಒಂದು ವಾಕ್ಯ ಇಟ್ಕೊಂಡೀನಿ. ಯಾರರ ಹಿಂದ ಸರದ್ರ "ತೊನ್ನು ರೀ, ಅಂಟಂಗಿಲ್ಲ, ಚಿಲ್ಲರ ತಗೋರಿ" ಅಂತೀನಿ. ಸಿಟ್ಟಿಲ್ಲ, ಅಳೋದಿಲ್ಲ, ಸ್ಟಾಪ್ ಹೆಸರು ಹೇಳಿದಂಗ ಹೇಳ್ತೀನಿ. ಹತ್ತರಾಗ ಎಂಟು ಮಂದಿ ತಗೋತಾರ. ಉಳಿದ ಇಬ್ಬರ ರೊಕ್ಕ ನಾ ಸೀಟಿನ ಮ್ಯಾಲ ಇಡ್ತೀನಿ. ಮೊದಮೊದಲ ಹೇಳೋವಾಗ ಗಂಟಲ ಒಣಗ್ತಿತ್ತು, ಐವತ್ತನೇ ಸಲಕ್ಕ ಅದು ಬಾಯಿಪಾಠ ಆಯ್ತು. ನಿಮಗೂ ಒಂದು ವಾಕ್ಯ ಬೇಕು ಅಕ್ಕಾರ.

ಸಿಂಧನೂರು ಅಕ್ಕ

ಕಂಡಕ್ಟರ್ ತಮ್ಮನ ಮಾತು ಓದಿ ಕಣ್ಣಾಗ ನೀರು ಬಂತು. ನಂದು ಸಣ್ಣಂಗ ಹೇಳ್ತೀನಿ. ಎರಡು ವರ್ಷದ ಹಿಂದ ಗಡ್ಡಿ ಆಗಿ ಎಡಗಡಿ ಎದಿ ಪೂರ್ತಿ ತೆಗದಾರ. ಒಂದು ವರ್ಷ ಕತ್ತಲಾಗೇ ಸ್ನಾನ ಮಾಡೀನಿ, ಬಚ್ಚಲದ ಬಲ್ಬ್ ನಾನೇ ಬಿಚ್ಚಿ ಇಟ್ಟಿದ್ದೆ. ಬಲಗಡಿ ಭಾರ ಎಡಗಡಿ ಖಾಲಿ, ನಡಿಯೋವಾಗ ಭುಜ ವಾಲ್ತಿತ್ತು, ಬೆನ್ನು ನೋಯ್ತಿತ್ತು. ನಮ್ಮ ಅತ್ತಿ, 70 ವರ್ಷದಾಕಿ, ಓದಿಲ್ಲ ಬರದಿಲ್ಲ, ಬಾಣಂತಿ ಮನ್ಯಾಗ ಕೂಸಿನ ತಲಿಗೆ ಸಾಸಿವಿ ದಿಂಬು ಹೊಲಿತೀವಲ್ಲ, ಹಂಗೇ ಮೆತ್ತನ ಹಳೇ ಧೋತ್ರದ ಬಟ್ಟ್ಯಾಗ ಸಾಸಿವಿ ತುಂಬಿ ದುಂಡಕ ಹೊಲದು ತಂದ್ಳು. ಕೈಯಾಗ ತೂಗಿ ನೋಡಿ, ಇನ್ನೊಂದು ಹಿಡಿ ಹಾಕಿ, ಮತ್ತ ತೂಗಿ, ನನ್ನ ಮುಂದೇ ಕುಂತು ಬಾಯಿ ಹೊಲದ್ಳು. ಏನೂ ಮಾತಾಡಲಿಲ್ಲ. ಆಕಿ ನನ್ನ ಗಾಯದ ಮ್ಯಾಲ ಇಟ್ಟು ಸರಿ ಕುಂತದೋ ಇಲ್ಲೋ ನೋಡಿದಾಗ ನನಗ ನಾಚಿಕಿ ಆಗಲಿಲ್ಲ. ಮರುದಿನ ಬಲ್ಬ್ ಹಾಕಿದೆ. ಈಗ ಅಂಗಡ್ಯಾಗ ಅದಕ್ಕಂತೇ ಮಾಡಿದ ಬ್ರಾ, ಪ್ಯಾಡ್ ಎಲ್ಲಾ ಸಿಗ್ತಾವ, ತಗೊಂಡೀನಿ, ಆದ್ರ ಮನ್ಯಾಗ ಇದ್ದಾಗ ಸಾಸಿವೀದೇ ಹಾಕ್ಕೋತೀನಿ.

ಬಳ್ಳಾರಿ ಟೈಲರ್

ನಾನು ಬಳ್ಳಾರಿ, ಕೌಲ್ ಬಜಾರ್ ಕಡೆ. ಹನ್ನೆರಡು ವರ್ಷ ಜೀನ್ಸ್ ಫ್ಯಾಕ್ಟರ್ಯಾಗ ಹೊಲಿದೀನಿ, ಈಗ ಮನೆಯಾಗೆ ಲೇಡೀಸ್ ಬಟ್ಟೆ ಹೊಲಿತೀನಿ. ಮೈ ನಾಚಿಕೆ ಅನ್ನೋದು ನನ್ನ ಟೇಪಿಗೆ ಗೊತ್ತಿರೋ ಅಷ್ಟು ಯಾರಿಗೂ ಗೊತ್ತಿಲ್ಲ ಅನ್ಸುತ್ತೆ. ಟೇಪ್ ಸೊಂಟಕ್ಕೆ ಬಂದ ಕೂಡ್ಲೇ ಉಸಿರು ಒಳಗೆ ಎಳಕೋತಾರೆ. ಇಪ್ಪತ್ತು ವರ್ಷದ ಹುಡುಗಿಯಿಂದ ಮೊಮ್ಮಕ್ಕಳು ಕಂಡೋರ ತನಕ ಎಲ್ರೂ. ನಾನು "ಉಸಿರು ಬಿಡಮ್ಮ" ಅಂತ ನಿಂತಿರ್ತೀನಿ, ಬಿಡಲ್ಲ. ಆ ಅಳತೆಗೆ ಹೊಲಿದ್ರೆ ನಾಳೆ ಅವರೇ ಉಸಿರಾಡಕ್ಕಾಗದೆ ವಾಪಸ್ ತರ್ತಾರೆ.

ಒಂದು ಒಳಗಿನ ವಿಷಯ ಹೇಳ್ತೀನಿ ಕೇಳಿ. ಪ್ಯಾಂಟಿನ ಲೇಬಲ್ ಮೇಲೆ 32 ಅಂತ ಇರುತ್ತಲ್ಲ, ಟೇಪ್ ಹಿಡಿದು ನೋಡಿ, ಎಷ್ಟೋ ಬ್ರಾಂಡಿನಾಗೆ 34 ಬರುತ್ತೆ. ತಗೊಳ್ಳೋರಿಗೆ ಖುಷಿ ಆಗ್ಲಿ ಅಂತ ಸಣ್ಣ ನಂಬರ್ ಹಾಕ್ಸೋದು. ಒಂದೇ ಮೇಜಿನ ಮೇಲೆ ಒಂದೇ ಅಳತೆ ಪ್ಯಾಂಟಿಗೆ ಎರಡು ಆರ್ಡರಿಗೆ ಎರಡು ಬೇರೆ ನಂಬರ್ ಲೇಬಲ್ ನಾನೇ ಹಚ್ಚೀನಿ. ಆ ನಂಬರ್ ನೋಡಿ ಊಟ ಬಿಡೋರ್ನ ಕಂಡ್ರೆ ಹೊಟ್ಟೆ ಉರಿಯುತ್ತೆ ನನಗೆ.

ಮೊನ್ನೆ ಒಬ್ಬ ತಾಯಿ ಬಂದಿದ್ರು, ಮದುವೆ ರೇಷ್ಮೆ ಬ್ಲೌಸ್ ಒಂಬತ್ತು ವರ್ಷದಿಂದ ಬೀರುನಾಗೆ ಇಟ್ಟಾರೆ, ಇಬ್ಬರು ಮಕ್ಕಳಾದ್ಮೇಲೆ ಆಗ್ತಾ ಇಲ್ಲ, ತೆಳ್ಳಗಾದ ಮೇಲೆ ಹಾಕ್ಕೋಬೇಕು ಅಂತ ಕಾಯ್ತಾ ಇದ್ರಂತೆ. ನಾನು ಬ್ಲೌಸ್ ಒಳಗೆ ತಿರುಗಿಸಿ ಪಕ್ಕದ ಹೊಲಿಗೆ ತೋರ್ಸಿದೆ. ಎರಡೂ ಕಡೆ ಒಂದೊಂದು ಇಂಚು ಮೇಲೆ ಬಟ್ಟೆ ಮಡಚಿ ಬಿಟ್ಟಿತ್ತು, ಮೂರು ಸಾಲು ಹೊಲಿಗೆ. ಮದುವೆ ಬ್ಲೌಸ್ ಹೊಲಿಯೋ ಯಾವ ಟೈಲರ್ ಆದ್ರೂ ಹಂಗೆ ಬಿಟ್ಟಿರ್ತಾನೆ, ಹೆಣ್ಣುಮಗಳ ಮೈ ತುಂಬುತ್ತೆ ಅಂತ ಅವನಿಗೆ ಗೊತ್ತಿರುತ್ತೆ. ಎರಡು ಸಾಲು ಬಿಚ್ಚಿದೆ, ಇಸ್ತ್ರಿ ಹೊಡೆದೆ, ಹತ್ತು ನಿಮಿಷದ ಕೆಲಸ. ಆ ತಾಯಿ ಹಾಕ್ಕೊಂಡು ಕನ್ನಡಿ ಮುಂದೆ ನಿಂತು "ಇದು ಇಷ್ಟು ದಿನ ಒಳಗೇ ಇತ್ತಾ" ಅಂತ ಎರಡು ಸಲ ಕೇಳಿದ್ರು.

ಸಿರುಗುಪ್ಪ ಹುಡುಗಿ

ನಾನು ಯಾವತ್ತೂ ಬರೆದೋಳಲ್ಲ, ತಪ್ಪಿದ್ರೆ ಕ್ಷಮಿಸಿ. ನಂದು ಕಪ್ಪು ಬಣ್ಣ. ನಮ್ಮ ಮನೆಯಾಗೆ ಅಕ್ಕ ಬೆಳ್ಳಗೆ, ನಾನು ಗದ್ದೆ ನಾಟಿಗೆ ಹೋಗಿ ಬಂದ್ರೆ "ಇನ್ನೂ ಸುಟ್ಕೊಂಡು ಬಂದ್ಯಾ" ಅಂತಿದ್ರು. ಮೆಡಿಕಲ್ ಶಾಪಿನಾಗೆ ಕೇಳಿದ್ರೆ ಸಣ್ಣ ಟ್ಯೂಬ್ ಕೊಟ್ರು, ಒಂದು ವಾರಕ್ಕೆ ಮುಖ ಬೆಳ್ಳಗಾಯ್ತು, ಎಲ್ರೂ ಹೊಗಳಿದ್ರು, ಅವತ್ತು ಹೊಗಳದೆ ಇದ್ದಿದ್ರೆ ಬಿಟ್ಟು ಬಿಡ್ತಿದ್ನೇನೋ. ಒಂದೂವರೆ ವರ್ಷ ಹಚ್ಚಿದೆ. ಆಮೇಲೆ ಕೆನ್ನೆ ಕೆಂಪಾಗಿ ಸಣ್ಣ ರಕ್ತನಾಳ ಕಾಣಕ್ಕೆ ಹತ್ತಿದ್ವು, ಮುಖದ ಮೇಲೆ ಕೂದಲು ಬಂತು, ಒಲೆ ಮುಂದೆ ಕೂತ್ರೆ ಮೆಣಸಿನಪುಡಿ ಹಚ್ಚಿದಂಗೆ ಉರಿ. ಹಚ್ಚೋದು ಬಿಟ್ರೆ ಇನ್ನೂ ಜಾಸ್ತಿ. ಚರ್ಮದ ಡಾಕ್ಟರ್ ಟ್ಯೂಬ್ ನೋಡಿದ ಕೂಡ್ಲೇ ಸ್ಟೀರಾಯ್ಡ್ ಅಂದ್ರು. ಇಸುಬು, ಅಲರ್ಜಿ ಅಂತ ಕಾಯಿಲೆಗೆ ಸ್ವಲ್ಪ ದಿನ ಹಚ್ಚೋ ಔಷಧ ಅದು, ಬಣ್ಣಕ್ಕಲ್ಲ. 2018ರಾಗೆ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳ್ನ ಚೀಟಿ ಇಲ್ದೆ ಮಾರಬಾರದು ಅಂತ ಪಟ್ಟಿಗೆ ಸೇರ್ಸಿದೆ ಅಂತಾನೂ ಅವರೇ ಹೇಳಿದ್ರು, ಆದ್ರೂ ನನ್ನ ಯಾರೂ ಚೀಟಿ ಕೇಳ್ಲಿಲ್ಲ. ಒಮ್ಮೆಲೆ ಬಿಡಬಾರದು ಅಂತ ಹಂತ ಹಂತವಾಗಿ ಬಿಡಿಸಿದ್ರು, ಏಳು ತಿಂಗಳು ಹಿಡೀತು.

ಈಗ ನನ್ನ ಹಳೇ ಬಣ್ಣ ವಾಪಸ್ ಬರ್ತಾ ಐತೆ. ಗಲ್ಲದ ಕೆಳಗೆ ಮೊದಲು ಬಂತು. ಆ ಕಪ್ಪು ನೋಡಿ ನಾನು ಖುಷಿಪಡ್ತೀನಿ ಅಂತ ಎರಡು ವರ್ಷದ ಹಿಂದೆ ಯಾರಾದ್ರೂ ಹೇಳಿದ್ರೆ ನಂಬ್ತಿರಲಿಲ್ಲ. ಯಾರಾದ್ರೂ ಇಂಥ ಟ್ಯೂಬ್ ಹಚ್ತಿದ್ರೆ ದಯವಿಟ್ಟು ನಿಮ್ಮಷ್ಟಕ್ಕೆ ನೀವೇ ತಟ್ಟನೆ ನಿಲ್ಲಿಸ್ಬೇಡಿ, ಡಾಕ್ಟರ್ ಹತ್ರ ಹೋಗಿ.

ನಿವೃತ್ತ ಲ್ಯಾಬ್ ಅಜ್ಜ

ಟೀಚರ್ ತಾಯಿ, ನಾನು ನೀರು ಪರೀಕ್ಷೆ ಲ್ಯಾಬಿನ್ಯಾಗ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದಾವ. ನಿಮ್ಮ ಮಕ್ಕಳಿಗೆ ಈ ಕಥಿ ಹೇಳ್ರಿ.

ನಮ್ ಕಡಿ ಮೊದಲು ಮೆಟ್ಟಲು ಬಾವಿ, ಕೆರಿ, ಹಳ್ಳದ ನೀರು ಕುಡೀತಿದ್ರು. ಆ ನೀರಿನ್ಯಾಗ ಇಳದು ಕೊಡ ತುಂಬಿದ್ರ ನಾರುಹುಣ್ಣು ಹರಡ್ತಿತ್ತು, ಕಾಲಿನಿಂದ ಮೊಳದುದ್ದ ಹುಳ ಹೊರಗ ಬರ್ತಿತ್ತು, ನಾನೇ ಸಣ್ಣಾವಿದ್ದಾಗ ನೋಡೀನಿ. ಅದನ್ನ ತಪ್ಪಿಸಾಕ ಸರ್ಕಾರ ಊರೂರಿಗೆ ಬೋರ್ ಹಾಕಿಸಿ ಕೈಪಂಪು ಕೂಡಿಸ್ತು, ಬಾವಿ ಮುಚ್ಚಿಸ್ತು. ನಾರುಹುಣ್ಣು ಹೋತು, 2000ದಾಗ ಭಾರತಕ್ಕ ಇದು ಪೂರ್ತಿ ಹೋತು ಅಂತ ಸರ್ಟಿಫಿಕೇಟ್ ಸಿಕ್ತು. ಬೋರ್ ಹಾಕಿದ್ದು ತಪ್ಪಲ್ಲ, ಮಂದಿ ಉಳದ್ರು. ಆದ್ರ ನಮ್ಮ ನೆಲದ ಕೆಳಗಿರೋದು ಗ್ರಾನೈಟ್ ಕಲ್ಲು, ಕುಷ್ಟಗಿ ಇಳಕಲ್ ಕಡಿ ಕ್ವಾರ್ಯಾಗ ಕಡೀತಾರಲ್ಲ ಆ ಕಲ್ಲು. ಅದರಾಗ ಫ್ಲೋರೈಡ್ ಅನ್ನೋ ಅಂಶ ಇರತೈತಿ, ಅದು ನಿಧಾನಕ್ಕ ನೀರಿಗೆ ಇಳೀತೈತಿ, ಹೆಚ್ಚಾದ್ರ ಹಲ್ಲಿಗೆ ಈ ಕಲೆ ತರತೈತಿ. ಮಳಿ ಕಮ್ಮಿ, ಬೋರ್ ಆಳಕ್ಕ ಹೋದಂಗೆಲ್ಲಾ ಕಲ್ಲಿನ ಜೊತಿ ನೀರು ಇರೋ ಕಾಲ ಜಾಸ್ತಿ. ಕುಡಿಯೋ ನೀರಿನ್ಯಾಗ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬ್ಯಾರೆ ನೀರು ಇಲ್ಲಾಂದ್ರ 1.5 ತನಕ ನಡೀತೈತಿ. ನಾನು ಅಳದ ಎಷ್ಟೋ ಬೋರಿನ್ಯಾಗ ಅದರ ಮ್ಯಾಲೇ ಇರ್ತಿತ್ತು.

ಇದು ನಮ್ಮೂರಿಗೆ ಮಾತ್ರ ಬಂದದ್ದಲ್ಲ, 1937ರಾಗ ನೆಲ್ಲೂರು ಕಡಿ ಶಾರ್ಟ್ ಅನ್ನೋ ಡಾಕ್ಟರ್ ನಮ್ಮ ದೇಶದಾಗ ಇದನ್ನ ಮೊದಲು ಬರದಿಟ್ರು.

ಈಗ ಮುಖ್ಯ ಮಾತು. ದೊಡ್ಡವರಾದ ಮ್ಯಾಲ ಎಷ್ಟು ಕುಡದ್ರೂ ಹಲ್ಲಿಗೆ ಈ ಕಲೆ ಬರಂಗಿಲ್ಲ, ಹೆಚ್ಚಾದ್ರ ಎಲುಬಿಗೆ ಕೀಲಿಗೆ ಬರತೈತಿ, ಅದು ಬ್ಯಾರೆ. ಕಲೆ ಬರೋದು ಹಲ್ಲು ಒಸಡಿನ ಒಳಗ ತಯಾರಾಗೋವಾಗ. ಮುಂದಿನ ಹಲ್ಲಿಗೆ ಆ ಕಾಲ ಅಂದ್ರ ಕೂಸಿಗೆ ಎರಡು, ಮೂರು ವರ್ಷ ಇದ್ದಾಗ. ಹಲ್ಲು ಹೊರಗ ಬರೋದು ಏಳನೇ ವರ್ಷಕ್ಕ. ಅಂದ್ರ ತಾಯಿ, ನಿಮಗ ಮಾತು ಸರಿ ಬರೋಕಿಂತ ಮೊದಲ ಆದ ಕೆಲಸ ಅದು. ಇಟ್ಟಂಗಿ ಪುಡೀಲೆ ಹೋಗಂಗಿಲ್ಲ, ಯಾಕಂದ್ರ ಅದು ಹೊಲಸಲ್ಲ. ಮತ್ತ ನೀರು ಕುದಿಸಿದ್ರ ಫ್ಲೋರೈಡ್ ಹೋಗಂಗಿಲ್ಲ, ನೀರು ಆವಿ ಆಗಿ ಉಳಿದದ್ದು ಇನ್ನೂ ಗಟ್ಟಿ ಆಗತೈತಿ. ಐದು ರೂಪಾಯಿ ಕಾಯಿನ್ ಹಾಕೋ ಫಿಲ್ಟರ್ ಘಟಕದ ನೀರೇ ಸಣ್ಣ ಕೂಸುಗಳಿಗೆ ಕುಡಿಸ್ರಿ, ದೊಡ್ಡವರಿಗೆ ಸಾಲದಿದ್ರೂ ಕೂಸಿಗೆ ಮೊದಲು.

ಮಾನ್ವಿ ಅಪ್ಪ

ಅಜ್ಜಾರ ಬರದದ್ದು ಓದಿ ರಾತ್ರಿ ನಿದ್ದಿ ಬಂದಿಲ್ಲ. ನನ್ನ ಮಗಳಿಗೆ 24. ಎಂಎಸ್ಸಿ ಮಾಡ್ಯಾಳ. ಎರಡು ಸಂಬಂಧ ಹಲ್ಲು ನೋಡಿ ಹೋದ್ವು, ಬಾಯಿ ಬಿಟ್ಟು ಹೇಳಲಿಲ್ಲ, ಜಾತಕ ಕೂಡಲಿಲ್ಲ ಅಂದ್ರು. ಆಕಿಗೆ ಎರಡು ವರ್ಷ ಇದ್ದಾಗ ನಮ್ಮ ಹೊಲದಾಗ ಬೋರ್ ಬಿತ್ತು, ನಾಕು ಇಂಚು ನೀರು, ಊರೆಲ್ಲಾ ಬಂದು ಕಾಯಿ ಒಡದ್ರು. ಮೊದಲನೇ ಕೊಡ ನಾನೇ ಹೊತ್ತು ತಂದು ಆಕಿಗೆ ಬೊಗಸ್ಯಾಗ ಕುಡಿಸೀನಿ. ಹಲ್ಲು ಸರಿ ಮಾಡಿಸೋಣ ಅಂತ ಹೇಳಿದ್ರ ಆಕಿ "ಅಂದ್ರ ನಾ ಹಿಂಗ ಇದ್ರ ನಿಮಗೂ ಬ್ಯಾಡೇನು ಅಪ್ಪ" ಅಂದ್ಳು. ನಾ ಏನ್ ಹೇಳ್ಬೇಕಿತ್ತು?

ಯಲಬುರ್ಗಾ ಟೀಚರ್

ಅಣ್ಣಾರ, ನಮ್ಮಪ್ಪ ಇದ್ದಿದ್ರ ನನಗೇನ್ ಹೇಳಬೇಕಿತ್ತು ಅಂತ ಎರಡು ದಿನ ವಿಚಾರ ಮಾಡಿ ಬರಿಯಾಕತ್ತೀನಿ. ಸಂಬಂಧ ನೋಡಾಕ ಬರೋಕಿಂತ ಮೊದಲ ಹಲ್ಲು ಮಾಡಿಸೋಣ ಅಂತ ಹೇಳಿದ್ರ ಹೆಣ್ಣುಮಗಳಿಗೆ ಕೇಳೋದು ಒಂದ, ನೀ ಮಾರಾಟಕ್ಕ ತಯಾರಿಲ್ಲ ಅಂತ. ನಮ್ಮ ದೊಡ್ಡವ್ವ ಕೆಟ್ಟಾಕಿ ಅಲ್ಲ, ಆದ್ರ ಬಾಯಿ ಮುಚ್ಕೋ ಅಂದದ್ದು ನನಗ ಇವತ್ತಿಗೂ ಕಿವ್ಯಾಗ ಐತಿ. ಆ ಬೊಗಸಿ ನೀರಿನ ಕಥಿ ಆಕಿಗೆ ಹೇಳೀರೇನು? ಅದನ್ನ ಹೇಳ್ರಿ. ಹಲ್ಲಿನ ಮಾತು ಆಕಿಗೇ ಬಿಡ್ರಿ, ಆಕಿ ಮಾಡಿಸ್ತೀನಿ ಅಂದ್ರ ರೊಕ್ಕ ಕೊಡ್ರಿ, ಬ್ಯಾಡ ಅಂದ್ರ ಬಂದವ್ರ ಮುಂದ ನೀವೇ ಮೊದಲ ಹೇಳ್ರಿ, ಇದು ನಮ್ಮ ಹೊಲದ ನೀರಿನ ಕಲೆ ಅಂತ.

ಗಂಗಾವತಿ ಹುಡುಗ

ನಾ ಮ್ಯಾಲೆ ಬರೆದದ್ದು ಅರ್ಧ ಸತ್ಯ. ಹಲ್ಲು ಹಾಕ್ಸಿ ನಾಕು ವರ್ಷ ಆತು, ಬೆಳ್ಳಗೆ ಹೊಳೀತಾವು. ಆದ್ರ ನಗು ಬಂದ್ರ ಕೈ ಇನ್ನೂ ಬಾಯಿಗೆ ಹೋಗತೈತಿ. ಆಫೀಸಿನ್ಯಾಗ ಒಬ್ರು "ಇಷ್ಟು ಚಂದ ಹಲ್ಲು ಅದಾವು, ಯಾಕ್ ಮುಚ್ತೀರಿ" ಅಂದಾಗ ಗೊತ್ತಾತು. ನಮ್ಮ ತಮ್ಮನ ಹಲ್ಲು ಹಂಗೇ ಐತಿ, ಫೋಟೋದಾಗ ಅವನ ಪಕ್ಕ ನಿಲ್ಲಾಕ ನಾ ಹಿಂದ ಸರೀತಿದ್ದೆ, ಅದನ್ನ ಇಲ್ಲಿ ತನಕ ಯಾರಿಗೂ ಹೇಳಿಲ್ಲ. ಹಾಕ್ಸಿದ್ದಕ್ಕ ಬೇಜಾರಿಲ್ಲ. ಆದ್ರ ಅದೊಂದ ಸಾಕಾಗಲಿಲ್ಲ.

ಬಳ್ಳಾರಿ ಕೌನ್ಸೆಲರ್

ನಾನು ಮಾನಸಿಕ ಆರೋಗ್ಯದ ಕೆಲಸದಾಗೆ ಇದೀನಿ. ಗಂಗಾವತಿ ತಮ್ಮ ಹೇಳಿದ್ದು ನಾವು ದಿನಾ ನೋಡೋದೇ. ನಾಚಿಕೆ ಬಂದಾಗ ಮುಚ್ಕೋತೀವಿ, ಮುಚ್ಕೊಂಡ ಕೂಡ್ಲೇ ಸಮಾಧಾನ ಆಗುತ್ತೆ, ಆ ಸಮಾಧಾನಾನೇ ಮುಂದಿನ ಸಲಾನೂ ಮುಚ್ಕೋ ಅಂತ ಕಲಿಸುತ್ತೆ. ಮುಚ್ಚದೆ ಇದ್ರೆ ಏನಾಗುತ್ತೆ ಅಂತ ನೋಡೋ ಅವಕಾಶಾನೇ ಸಿಗಲ್ಲ. ಹಂಗಾಗಿ ಸಣ್ಣದ್ರಿಂದ ಶುರು ಮಾಡ್ಬೇಕು, ಮೊದಲು ಮನೆಯಾಗೆ ಒಬ್ಬರ ಮುಂದೆ, ಆಮೇಲೆ ಅಂಗಡಿ, ಆಮೇಲೆ ಬಸ್ಸು. ಕೈಗೆ ಬೇರೆ ಕೆಲಸ ಕೊಡಿ, ಏನಾದ್ರೂ ಹಿಡ್ಕೊಳ್ಳಿ. ಕಂಡಕ್ಟರ್ ಅಣ್ಣ ಯಾರೂ ಹೇಳಿಕೊಡದೆ ಇದನ್ನೇ ಮಾಡಿದಾರೆ.

ಇನ್ನೊಂದು, ಕೆಲವರಿಗೆ ಇದು ನಾಚಿಕೆಗಿಂತ ಮುಂದೆ ಹೋಗಿರುತ್ತೆ. ಬೇರೆಯವರಿಗೆ ಕಾಣದಷ್ಟು ಸಣ್ಣ ಕಲೆಗೆ ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ಮುಂದೆ ಇರೋದು, ಮನೆ ಬಿಟ್ಟು ಹೊರಗೇ ಬರದೆ ಇರೋದು, ಸಾಯೋ ಯೋಚನೆ ಬರೋದು. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಐತೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಾಗೆ ಮಾತಾಡ್ತಾರೆ, ಹಗಲು ರಾತ್ರಿ ಇರ್ತಾರೆ. ಹುಚ್ಚಾಸ್ಪತ್ರೆ ಅಂತ ಹೆದರೋರಿಗೆ ನಾನು ಯಾವಾಗ್ಲೂ ಒಂದು ಮಾತು ಹೇಳ್ತೀನಿ, 1985ರಿಂದ 1990ರ ತನಕ ನಿಮ್ಹಾನ್ಸ್‌ನವರು ಹಳ್ಳಿ ಆಸ್ಪತ್ರೆ ಡಾಕ್ಟರ್‌ಗೇ ಮನಸ್ಸಿನ ಕಾಯಿಲೆ ನೋಡೋದು ಕಲಿಸಿ ಪ್ರಯೋಗ ಮಾಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಾಗೆ. ಅದನ್ನೇ ಬಳ್ಳಾರಿ ಮಾದರಿ ಅಂತ 1996ರಾಗೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಗೊಂಡ್ರು. ನಮ್ಮ ಅಜ್ಜಿ ಕಾಲದೋರು ಹೋಗಿ ತೋರಿಸ್ಕೊಂಡು ಬಂದಿದಾರೆ, ನಾವು ಯಾಕೆ ಹಿಂಜರೀಬೇಕು.

ಯಲಬುರ್ಗಾ ಟೀಚರ್

ಮೂರು ವಾರದ ಮ್ಯಾಲ ಬರಿಯಾಕತ್ತೀನಿ. ಪಂಚಾಯ್ತ್ಯಾಗ ಜಲ ಜೀವನ್ ಮಿಷನ್ನಿನ ನೀರು ಪರೀಕ್ಷೆ ಕಿಟ್ ಇತ್ತು, ಬರದು ಕೊಟ್ಟು ಒಂದಿನಕ್ಕ ಇಸ್ಕೊಂಡು ಬಂದೆ. ಏಳನೇ ಕ್ಲಾಸಿನ್ಯಾಗ ಮೇಜಿನ ಮ್ಯಾಲ ಎರಡು ಶೀಶೆ ಇಟ್ಟೆ, ಒಂದ್ರಾಗ ಸಾಲಿ ಬೋರ್ ನೀರು, ಒಂದ್ರಾಗ ಫಿಲ್ಟರ್ ಘಟಕದ ನೀರು. ಎರಡಕ್ಕೂ ಔಷಧದ ಹನಿ ಹಾಕಿದೆ. ಫಿಲ್ಟರ್ ನೀರು ಗುಲಾಬಿ ಬಣ್ಣ ಆಗಿ ಹಂಗ ನಿಂತಿತು. ಬೋರ್ ನೀರು ನೋಡ ನೋಡತಾ ಹಳದಿ ಕಡಿ ತಿರುಗ್ತು. ಹಳದಿ ಆದಷ್ಟೂ ಫ್ಲೋರೈಡ್ ಜಾಸ್ತಿ ಅಂತ ಚಾರ್ಟ್ ತೋರ್ಸಿದೆ. ಮಕ್ಕಳು ಉಸಿರಾಡದಂಗ ನೋಡಿದ್ವು. ಅಜ್ಜಾರ ಹೇಳಿದ ಎರಡು ವರ್ಷದ ಮಾತು ಹೇಳಿದೆ.

ಅದ ಹುಡುಗಿ, ನನಗ ಕೈ ತೆಗೀರಿ ಅಂದಾಕಿ, ಎದ್ದು ನಿಂತು "ಹಂಗಾರ ನಮ್ಮವ್ವ ಕುಡಿಸಿದ್ದಕ್ಕ ಹಿಂಗಾತೇನ್ರಿ ಮಿಸ್" ಅಂದ್ಳು. ಇದಕ್ಕ ನಾನು ತಯಾರಿರಲಿಲ್ಲ. ಮಾನ್ವಿ ಅಣ್ಣಾರು ನೆನಪಾದ್ರು. ಮೊದಲು ಬಾವಿ ನೀರಿನ್ಯಾಗ ಹುಳ ಇರ್ತಿತ್ತು ಅಂತ ನಾರುಹುಣ್ಣಿನ ಕಥಿ ಹೇಳಿದೆ, ನಿಮ್ಮವ್ವ ಊರಾಗಿನ ಎಲ್ಲಾಕಿಂತ ತಿಳಿ ಇದ್ದ ನೀರು ನೋಡಿ ತುಂಬಿ ತಂದಾಳವ್ವ ಅಂದೆ. ಆಕಿ ಕುಂತ್ಳು, ಆದ್ರ ಸಂಜಿಗೆ ಹೋಗೋವಾಗ ಆಕಿಯವ್ವನ್ನ ಸಾಲಿಗೆ ಕರಕೊಂಡು ಬಂದ್ಳು, ಶೀಶೆ ತೋರ್ಸಾಕ. ಆ ತಾಯಿ ಹಳದಿ ಶೀಶೆ ಕೈಯಾಗ ಹಿಡ್ಕೊಂಡು ಭಾಳ ಹೊತ್ತು ನಿಂತಿದ್ಳು. ಆಕಿ ಹಲ್ಲೂ ನನ್ನಂಗ ಅದಾವು.

ಕಂಡಕ್ಟರ್ ತಮ್ಮಾ, ನಿನ್ನ ವಾಕ್ಯ ನಾನೂ ಮಾಡ್ಕೊಂಡೀನಿ. ಕೊಪ್ಪಳದಾಗ ಬ್ಯಾಂಕಿಗೆ ಹೋದಾಗ ಕೌಂಟರಿನಾಗಿದ್ದ ಹುಡುಗಿ ನನ್ನ ಬಾಯಿ ನೋಡಾಕತ್ತಿದ್ಳು, "ಬೋರ್ ನೀರಿನ ಕಲೆ ಅವ್ವ" ಅಂದೆ. ಆಕಿ "ನಮ್ಮ ಅಕ್ಕಗೂ ಐತ್ರಿ" ಅಂದ್ಳು. ಗಂಟಲ ಒಣಗಿದ್ದು ಖರೇ.

ಗ್ರೂಪ್ ಫೋಟೋ ಮತ್ತೊಮ್ಮೆ ತೆಗದ್ವಿ, ನಮ್ಮ ಹೆಡ್ಮಾಸ್ತರ್ ಫೋನಿನ್ಯಾಗ. ಯಾರಿಗೂ ಕೈ ತೆಗೀರಿ ಅನ್ನಲಿಲ್ಲ. ಮನ್ಯಾಗ ಕುಂತು ದೊಡ್ಡದು ಮಾಡಿ ಎಣಿಸಿದೆ, ಹನ್ನೆರಡು ಮಕ್ಕಳ ಕೈ ಇನ್ನೂ ಬಾಯಿ ಮ್ಯಾಲ ಅದಾವು, ಹತ್ತೊಂಬತ್ತು ಕೆಳಗ ಅದಾವು. ಅದನ್ನ ಹಂಗ ಪ್ರಿಂಟ್ ಹಾಕಿಸಿ ಗ್ವಾಡಿಗೆ ಹಚ್ಚೀನಿ. ನನ್ನ ಎರಡೂ ಕೈ ತೊಡಿ ಮ್ಯಾಲ ಅದಾವು. ಬಲಗೈಯಾಗ ಚಾಕ್‌ಪೀಸ್ ಐತಿ, ಕೌನ್ಸೆಲರ್ ಹೇಳಿದ್ದಕ್ಕ ಹಿಡ್ಕೊಂಡಿದ್ದೆ, ಎಷ್ಟು ಬಿಗಿ ಹಿಡಿದಿದ್ನೋ ಫೋಟೋ ಆದ ಮ್ಯಾಲ ನೋಡಿದ್ರ ಎರಡು ತುಂಡಾಗಿತ್ತು.

ಮಾನ್ವಿ ಮಗಳು

ಟೀಚರ್, ನಮ್ಮಪ್ಪ ನಿನ್ನೆ ರಾತ್ರಿ ಇದನ್ನೆಲ್ಲಾ ಓದಲಿಕ್ಕೆ ಕೊಟ್ರು. ಆ ಕಿಟ್ ಪಂಚಾಯ್ತ್ಯಾಗ ಯಾರನ್ನ ಕೇಳ್ಬೇಕ್ರಿ? ನಮ್ಮ ಹೊಲದ ಬೋರ್ ನೀರು ನಾನೇ ನೋಡ್ಬೇಕು ಅನ್ಕೊಂಡೀನಿ, ನಮ್ಮ ಅಣ್ಣನ ಕೂಸಿಗೆ ಈಗ ಒಂದೂವರೆ ವರ್ಷ.